ಒಂದೂವರೆ ಕೈಯ ಕತ್ತಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ ಮಳೆಗೆ ಬರ ಬರುತ್ತದೆ, ಮೇವಿಗೆ ಬರ ಬರುತ್ತದೆ. ಕತ್ತಿ ಹಿಡಿದು ನಿಂತವರಿಗೆ ಮಾತ್ರ ಯಾವ ಕಾಲಕ್ಕೂ ಬರ ಬಂದಿಲ್ಲ. ಹನುಮಪ್ಪನ ಗುಡಿಯ ಪಕ್ಕ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಅಗಸಿಯ ಗೋಡೆಗೆ ಒರಗಿ ಅವರು ನಿಂತಿದ್ದಾರೆ. ವೀರಗಲ್ಲುಗಳು. ಕೆಲವಕ್ಕೆ ಎಣ್ಣೆ ಕುಂಕುಮ ಉಂಟು, ಕೆಲವಕ್ಕೆ ಸುಣ್ಣ ಬಳಿದಿದ್ದಾರೆ, ಕೆಲವು ಅರ್ಧ ಮಣ್ಣಿನಲ್ಲಿ ಹೂತಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಬಹುಪಾಲು ಜನ ಮೇಲಿನ ಪಟ್ಟಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ನನಗೆ ಚಿಕ್ಕಂದಿನಿಂದ ಕೆಳಗಿನ ಪಟ್ಟಿಯ ಮೇಲೇ ಕಣ್ಣು. ಅದರಲ್ಲೂ ವೀರನ ಬಲಗೈ ಮುಷ್ಟಿಯ ಮೇಲೆ.

ಆ ಮುಷ್ಟಿಯಲ್ಲಿರುವ ಕತ್ತಿ ಹೆಚ್ಚಾಗಿ ಗಿಡ್ಡ, ಅಗಲ, ನೇರ. ಎಡಗೈಯಲ್ಲಿ ಗುರಾಣಿ. ಹಿಡಿ ಎಷ್ಟು ಚಿಕ್ಕದೆಂದರೆ ನಾಲ್ಕು ಬೆರಳು ಕೂತರೆ ಮುಗಿಯಿತು. ಕಲ್ಲುಕುಟಿಗ ಜಾಗ ಸಾಲದೆ ಹಾಗೆ ಮಾಡಿದನೇ? ಇರಲಾರದು. ಕುದುರೆಯ ಲಗಾಮು, ಸೊಂಟದ ಬಾಕು, ಮಂಡಿಯ ಬಳಿ ಮಡಿಸಿದ ಕಾಸೆ, ಇವನ್ನೆಲ್ಲ ಅಷ್ಟು ಅಚ್ಚುಕಟ್ಟಾಗಿ ಬಿಡಿಸಿದವನು ಕತ್ತಿಯ ಹಿಡಿಯ ವಿಷಯದಲ್ಲಿ ಮೈಮರೆತ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನು ಕಂಡದ್ದನ್ನು ಕೆತ್ತಿದ.

ಈ ಮಾತು ಈಗ ಯಾಕೆ ಬಂತೆಂದರೆ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ರಜೆಗೆ ಬಂದಾಗಲೆಲ್ಲ ಲ್ಯಾಪ್‌ಟಾಪ್ ಬಿಚ್ಚಿ ಕತ್ತಿ ಕಾಳಗಕ್ಕೆ ಕೂರುತ್ತಾನೆ. ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಅಂತ ಆ ಗೇಮಿನ ಹೆಸರು. ಜೆಕ್ ದೇಶದ ವಾರ್‌ಹಾರ್ಸ್ ಎಂಬ ಕಂಪನಿ 2018ರಲ್ಲಿ ತಂದದ್ದು. ಕಥೆ ನಡೆಯುವುದು 1403ರಲ್ಲಿ, ಬೊಹೀಮಿಯಾ ಎಂಬ ಸೀಮೆಯಲ್ಲಿ. ನಾಯಕ ಹೆನ್ರಿ, ಕಮ್ಮಾರನ ಮಗ. ಓದು ಬರುವುದಿಲ್ಲ, ಕತ್ತಿ ಹಿಡಿಯಲೂ ಬರುವುದಿಲ್ಲ. ಎರಡನ್ನೂ ಯಾರಾದರೂ ಕೂತು ಕಲಿಸಬೇಕು. ಒಂದು ಸಂಜೆ ಅಕ್ಕನ ಮಗ ನನ್ನನ್ನು ಕೂಗಿದ: “ಮಾಮ, ಇಲ್ ಬಂದು ನೋಡು, ಇವ್ನಿಗೆ ದಮ್ಮು ಕಟ್ಟೈತಿ, ಕತ್ತಿ ಏಳವಲ್ದು.” ಹೋಗಿ ನೋಡಿದೆ. ಪರದೆಯ ಮೇಲಿನ ಹುಡುಗ ನಾಲ್ಕು ಏಟು ಬೀಸಿ ಸೋತಿದ್ದ. ಎದುರಾಳಿ ಹತ್ತಿರ ಬರುತ್ತಿದ್ದರೂ ಅವನ ತೋಳು ಮೇಲೇಳುತ್ತಿರಲಿಲ್ಲ. ತಲೆಗೆ ಕಬ್ಬಿಣದ ಮುಚ್ಚುಟೊಪ್ಪಿಗೆ ಹಾಕಿದ್ದರಿಂದ ಇಡೀ ಲೋಕ ಅವನಿಗೆ ಒಂದು ಸೀಳು ಕಿಂಡಿಯಲ್ಲಷ್ಟೇ ಕಾಣುತ್ತಿತ್ತು. ಅಂದಿನಿಂದ ನಾನು ಆ ಗೇಮಿನ ಪಕ್ಕಾ ನೋಡುಗ. ಆಡುವವನು ಅವನು, ತಗಾದೆ ತೆಗೆಯುವವನು ನಾನು.

ಹೆನ್ರಿಯ ಕೈಯಲ್ಲಿದ್ದದ್ದು ನಮ್ಮ ವೀರಗಲ್ಲಿನಲ್ಲಿ ಇಲ್ಲದ ಜಾತಿಯ ಕತ್ತಿ. ಹಿಡಿ ಉದ್ದ. ಒಂದು ಕೈಯಲ್ಲೂ ಬೀಸಬಹುದು, ಬೇಕೆಂದಾಗ ಇನ್ನೊಂದು ಕೈಯ ಮೂರು ನಾಲ್ಕು ಬೆರಳನ್ನು ಹಿಡಿಯ ತುದಿಗೆ ಸೇರಿಸಿ ಬಲ ಕೂಡಿಸಬಹುದು. ಒಂದೂವರೆ ಕೈಯ ಕತ್ತಿ ಎಂದು ಅದಕ್ಕೆ ಹೆಸರಾದದ್ದು ಹೀಗೆ. ಯುರೋಪಿನಲ್ಲಿ 13ನೇ ಶತಮಾನದ ಕೊನೆಯಿಂದ 16ನೇ ಶತಮಾನದವರೆಗೆ ಅದರ ಕಾಲ. ಕುದುರೆಯ ಮೇಲಿದ್ದಾಗ ಒಂದು ಕೈಗೆ ಲಗಾಮು, ಒಂದಕ್ಕೆ ಕತ್ತಿ. ನೆಲಕ್ಕೆ ಇಳಿದರೆ ಎರಡೂ ಕೈ ಕತ್ತಿಗೇ. ಉಕ್ಕಿನ ತಗಡಿನ ಕವಚ ಬಲವಾಗುತ್ತ ಹೋದ ಹಾಗೆ ಗುರಾಣಿಯ ಅಗತ್ಯ ಕಡಿಮೆಯಾಯಿತು, ಎಡಗೈ ಖಾಲಿಯಾಯಿತು. ಖಾಲಿಯಾದ ಕೈ ಕತ್ತಿಯ ಹಿಡಿಗೆ ಬಂತು.

ಇದರ ತೂಕದ ಬಗ್ಗೆ ಜನ ಏನೇನೋ ನಂಬಿದ್ದಾರೆ. ಸಿನಿಮಾದವರು, ಗೇಮಿನವರು ಅದನ್ನು ಎತ್ತಲು ಭೀಮನೇ ಬೇಕು ಅನ್ನುವ ಹಾಗೆ ತೋರಿಸುತ್ತ ಬಂದಿದ್ದಾರೆ. ಮ್ಯೂಸಿಯಂಗಳಲ್ಲಿ ಉಳಿದಿರುವ ನಿಜವಾದ ಕತ್ತಿಗಳ ತೂಕ ಸುಮಾರು ಒಂದೂಕಾಲು ಕಿಲೋದಿಂದ ಒಂದೂವರೆ ಕಿಲೋ ಆಸುಪಾಸು. ಉದ್ದ ಒಂದು ಮೀಟರಿಗಿಂತ ಒಂದು ಗೇಣು ಹೆಚ್ಚು ಕಡಿಮೆ. ಹಿಡಿಯ ತುದಿಯಲ್ಲಿ ಒಂದು ಲೋಹದ ಗುಂಡು ಇರುತ್ತದೆ. ಅಲಗು ಬುಡದಲ್ಲಿ ದಪ್ಪವಿದ್ದು ಮೊನೆಯ ಕಡೆ ತೆಳುವಾಗುತ್ತ ಹೋಗುತ್ತದೆ. ಹಾಗಾಗಿ ಭಾರವೆಲ್ಲ ಕೈಯ ಹತ್ತಿರ ನಿಲ್ಲುತ್ತದೆ, ಮೊನೆ ಹಗುರವಾಗಿ ತಿರುಗುತ್ತದೆ. ಒಳ್ಳೆಯ ಕತ್ತಿ ಹಿಡಿದವನಿಗೆ ಅದು ಭಾರ ಅನ್ನಿಸುವುದು ಮೊದಲ ಏಟಿಗಲ್ಲ, ಇಪ್ಪತ್ತನೆಯ ಏಟಿಗೆ. ಈ ವ್ಯತ್ಯಾಸವನ್ನು ಗೇಮಿನಲ್ಲಿ ತರುವುದೇ ಕಷ್ಟದ ಕೆಲಸ. ನಿಧಾನವಾಗಿ ಬೀಸುವ ಹಾಗೆ ಮಾಡಿಬಿಟ್ಟರೆ ಭಾರ ತೋರಿಸಿದಂತಾಯಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಜೆಕ್ ಹುಡುಗರು ಬೇರೆ ದಾರಿ ಹಿಡಿದರು. ಕತ್ತಿಯನ್ನು ಚುರುಕಾಗಿಯೇ ಇಟ್ಟು, ದಮ್ಮಿಗೆ ಲೆಕ್ಕ ಕಟ್ಟಿದರು. ಐದು ದಿಕ್ಕಿನಿಂದ ಬೀಸಬಹುದು, ನೇರ ಚುಚ್ಚಬಹುದು; ಪ್ರತಿ ಏಟಿಗೂ, ಪ್ರತಿ ತಡೆಗೂ ದಮ್ಮು ಖರ್ಚಾಗುತ್ತದೆ. ಕತ್ತಿಯ ಬಾಯಿ ಮೊಂಡಾಗುತ್ತದೆ. ಮೊಂಡಾದರೆ ಸಾಣೆಕಲ್ಲಿನ ಮುಂದೆ ಕೂತು ಕಾಲಲ್ಲಿ ತುಳಿಯುತ್ತ ಮಸೆಯಬೇಕು. ಆ ಮಸೆಯುವ ಭಾಗ ಬಂದಾಗ ನಾನು ಹುಡುಗನಿಗೆ ‘ಬೇಗ ಮುಗಿಸು’ ಅಂದವನಲ್ಲ.

ಆ ಕಾಲದ ಯುರೋಪಿನವರ ದೊಡ್ಡ ಪುಣ್ಯವೆಂದರೆ ಅವರ ಕತ್ತಿವರಸೆಯ ಉಸ್ತಾದರು ಪುಸ್ತಕ ಬರೆದಿಟ್ಟರು. ಇಟಲಿಯ ಫಿಯೋರೆ ಎಂಬವನು 1410ರ ಸುಮಾರಿಗೆ, ಜರ್ಮನಿಯ ತಾಲ್‌ಹೋಫರ್ 1467ರಲ್ಲಿ, ಪುಟಪುಟಕ್ಕೂ ಚಿತ್ರ ಬರೆಸಿದ್ದಾರೆ. ಕಾಲು ಎಲ್ಲಿರಬೇಕು, ಮೊಣಕೈ ಎಷ್ಟು ಮಡಚಬೇಕು ಎಲ್ಲ ಉಂಟು. ಆ ಚಿತ್ರಗಳಲ್ಲಿ ಒಂದು ವರಸೆ ನೋಡಿದವರಿಗೆ ಮೊದಲಿಗೆ ನಂಬಿಕೆ ಬರುವುದಿಲ್ಲ. ಕವಚ ತೊಟ್ಟವನ ಮೇಲೆ ಕತ್ತಿಯ ಬಾಯಿ ನಾಟುವುದಿಲ್ಲ. ಆಗ ಎಡಗೈಯಿಂದ ತನ್ನ ಕತ್ತಿಯ ಅಲಗನ್ನೇ ನಡುವೆ ಗಟ್ಟಿಯಾಗಿ ಹಿಡಿದು, ಅದನ್ನು ಗಿಡ್ಡ ಭರ್ಚಿಯಾಗಿ ಮಾಡಿಕೊಂಡು ಕಂಕುಳು, ತೊಡೆಸಂದು, ಮುಖದ ಕಿಂಡಿ ಹುಡುಕಿ ಚುಚ್ಚುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎರಡೂ ಕೈಯಿಂದ ಅಲಗನ್ನು ಹಿಡಿದು ಕತ್ತಿಯನ್ನು ತಿರುವುಮುರುವು ಮಾಡಿ, ಹಿಡಿಯ ಗುಂಡಿನಿಂದ ತಲೆಗೆ ಹೊಡೆಯುತ್ತಾರೆ. ಮುಷ್ಟಿ ಬಿಗಿಯಾಗಿದ್ದು ಅಲಗು ಜಾರದಿದ್ದರೆ ಅಂಗೈ ಕೊಯ್ಯುವುದಿಲ್ಲ. ಆ ಏಟಿನ ಜರ್ಮನ್ ಹೆಸರನ್ನೇ ಇಟ್ಟುಕೊಂಡು 2019ರಲ್ಲಿ ‘ಮೊರ್ಡ್‌ಹೌ’ ಎಂಬ ಗೇಮ್ ಬಂತು. ಅದರಲ್ಲಿ ಕತ್ತಿಯನ್ನು ಹಾಗೆ ತಿರುಗಿಸಿ ಹಿಡಿಯಲು ಒಂದು ಗುಂಡಿಯೂ ಇದೆ. ಐನೂರು ವರ್ಷ ಹಳೆಯ ಪುಸ್ತಕದ ಪುಟವೊಂದು ಇಂದಿನ ಹುಡುಗರ ಬೆರಳಿಗೆ ಬಂತಲ್ಲ, ಇದು ನನಗೆ ಬಹಳ ಸಂತೋಷದ ಸಂಗತಿ.

ಆದರೂ ಒಂದು ಜಾಗದಲ್ಲಿ ಬಹಳ ಗೇಮುಗಳು ತಪ್ಪುತ್ತವೆ. ಕಾಲು. ಗಾಟ್‌ಲೆಂಡ್ ದ್ವೀಪದ ವಿಸ್ಬಿ ಊರಿನ ಹೊರಗೆ 1361ರಲ್ಲಿ ನಡೆದ ಕಾಳಗದ ಸತ್ತವರನ್ನು ದೊಡ್ಡ ಗುಂಡಿಗಳಲ್ಲಿ ಹೂತಿದ್ದರು. 20ನೇ ಶತಮಾನದಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆ ಸಿಕ್ಕವು. ಏಟು ಬಿದ್ದ ಮೂಳೆಗಳಲ್ಲಿ ಮೊಣಕಾಲಿನ ಕೆಳಗಿನವು ಬಹಳ. ಗುರಾಣಿ ಮುಚ್ಚದ ಜಾಗ ಅದೇ. ಗೇಮಿನಲ್ಲಿ ಹೆಚ್ಚಾಗಿ ತಲೆ, ಎದೆ, ತೋಳಿಗೆ ಹೊಡೆಯುತ್ತಾರೆ. ಮೀನಖಂಡ ಕಡಿಸಿಕೊಂಡು ಬೀಳುವವರು ಕಡಿಮೆ. ನಮ್ಮ ವೀರಗಲ್ಲುಗಳನ್ನು ನೋಡಿ: ವೀರನ ಕಾಲಡಿಯಲ್ಲಿ ಬಿದ್ದವರು ಇದ್ದೇ ಇರುತ್ತಾರೆ, ಒಬ್ಬರ ಮೇಲೊಬ್ಬರು. ಕಲ್ಲುಕುಟಿಗ ನೆಲವನ್ನು ಮರೆಯಲಿಲ್ಲ.

ಈಗ ನಮ್ಮ ಕತ್ತಿಗೆ ಬರೋಣ. ನಮ್ಮಲ್ಲಿ ಒಂದೂವರೆ ಕೈಯ ಕತ್ತಿ ಇರಲಿಲ್ಲವೇ ಎಂದು ಹುಡುಗ ಕೇಳಿದ. ಇತ್ತು, ಬೇರೆ ರೂಪದಲ್ಲಿ ಇತ್ತು. ದಕ್ಖಣದ ಖಂಡ ಎಂಬ ನೇರ ಕತ್ತಿಯನ್ನು ಮ್ಯೂಸಿಯಂನಲ್ಲಿ ನೋಡಿದವರಿಗೆ ನೆನಪಿರಬಹುದು. ಅಲಗು ಮೊನೆಯ ಕಡೆಗೆ ಅಗಲವಾಗುತ್ತದೆ, ಮುಷ್ಟಿಯನ್ನು ಕಾಯಲು ಬುಟ್ಟಿಯಾಕಾರದ ಲೋಹದ ಪಟ್ಟಿ ಇರುತ್ತದೆ, ಹಿಡಿಯ ಹಿಂದೆ ಒಂದು ಕಂಬಿ ಚಾಚಿಕೊಂಡಿರುತ್ತದೆ. ಆ ಕಂಬಿಯನ್ನು ಅಲಂಕಾರ ಎಂದುಕೊಳ್ಳುವವರೇ ಹೆಚ್ಚು. ಅದು ಎಡಗೈಗೆ. ಒಂದು ಕೈಯಲ್ಲಿ ಹೊಡೆಯುತ್ತಿದ್ದವನು ಜೋರಾದ ಏಟು ಬೇಕೆಂದಾಗ ಆ ಕಂಬಿಯನ್ನು ಹಿಡಿದು ಎರಡೂ ತೋಳಿನ ಬಲ ಹಾಕುತ್ತಿದ್ದ. ಹೆನ್ರಿಯ ಕತ್ತಿಯಲ್ಲಿ ಹಿಡಿಯನ್ನೇ ಉದ್ದ ಮಾಡಿ ಸಾಧಿಸಿದ್ದನ್ನು ನಮ್ಮ ಕಮ್ಮಾರ ಹಿಡಿಯನ್ನು ಚಿಕ್ಕದಾಗಿಯೇ ಇಟ್ಟು, ಹಿಂದೆ ಕಂಬಿ ಸೇರಿಸಿ ಸಾಧಿಸಿದ. ಯುರೋಪಿನ ಕತ್ತಿಯ ಭಾರ ಕೈಯ ಬಳಿ. ಖಂಡದ ಭಾರ ಮೊನೆಯ ಬಳಿ. ಹಾಗಾಗಿ ಏಟಿನ ಸ್ವಭಾವವೇ ಬೇರೆ. ಮಣಿಕಟ್ಟು ತಿರುಗಿಸಿ ಆಡಿಸುವ ಕತ್ತಿ ಇದಲ್ಲ. ಹೆಗಲಿನಿಂದ, ಸೊಂಟದಿಂದ, ಇಡೀ ಮೈಯನ್ನು ಸುತ್ತಿಸಿ ಹೊಡೆಯಬೇಕು. ಯುರೋಪಿನ ವರಸೆಯ ಅನಿಮೇಶನ್ನನ್ನೇ ತಂದು ನಮ್ಮ ಖಂಡಕ್ಕೆ ಅಂಟಿಸಿದರೆ ನಾಯಕನ ಮೊದಲ ಬೀಸಿನಲ್ಲೇ ಸುಳ್ಳು ಗೊತ್ತಾಗುತ್ತದೆ.

ಇದರಲ್ಲೂ ನನಗೆ ತುಂಬ ಇಷ್ಟವಾದದ್ದು ಫಿರಂಗಿ. ತೋಪಿನ ಫಿರಂಗಿ ಅಲ್ಲ, ಆ ಹೆಸರಿನ ಕತ್ತಿ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದ ಮೇಲೆ ಯುರೋಪಿನ ಅಲಗುಗಳೂ ಹಡಗಿನಲ್ಲಿ ಬಂದವು. ಉದ್ದ, ನೇರ, ತೆಳು. ದಕ್ಖಣದ ಕಮ್ಮಾರರು ಆ ಅಲಗಿಗೆ ತಮ್ಮ ಬುಟ್ಟಿಯ ಹಿಡಿ, ಹಿಂದೆ ಕಂಬಿ, ಎರಡನ್ನೂ ಜೋಡಿಸಿದರು. ಹೆನ್ರಿಯ ಮರಿಮಕ್ಕಳ ಕಾಲದ ಅಲಗು, ನಮ್ಮವರು ಮಾಡಿದ ಹಿಡಿ. ಗೋವೆಯಿಂದ ಕುದುರೆ ಬಂದ ದಾರಿಯಲ್ಲೇ ಪರದೇಶದ ಸರಕೂ ಹಂಪೆಗೆ ಬರುತ್ತಿತ್ತು. ಹಂಪೆಯಿಂದ ಹಗರಿಬೊಮ್ಮನಹಳ್ಳಿ ಎಷ್ಟು ದೂರ? ಒಂದೂವರೆ ಕೈಯ ಕತ್ತಿಯ ಬಗ್ಗೆ ಮಾತಾಡಲು ನಮಗೇನು ಹಕ್ಕು ಎಂದು ಯಾರೂ ಹಿಂಜರಿಯಬೇಕಿಲ್ಲ.

ನಮ್ಮ ಉಸ್ತಾದರು ಅಂಥ ಪುಸ್ತಕ ಬರೆದಿಟ್ಟದ್ದು ನಾನು ಕಂಡಿಲ್ಲ, ಆದರೆ ವಿದ್ಯೆಯನ್ನು ಮೈಯಲ್ಲಿ ಇಟ್ಟುಕೊಂಡವರು ಉಂಟು. ಪುರವಂತರು. ವೀರಭದ್ರ ದೇವರ ಗುಗ್ಗಳ ಹೊರಟಾಗ, ತೇರಿನ ಹೊತ್ತಿನಲ್ಲಿ, ಮದುವೆಯ ಮನೆಯ ಮುಂದೆ ಪುರವಂತ ಖಡ್ಗ ಹಿಡಿದು ಒಡಪು ಹೇಳುತ್ತ ಬರುತ್ತಾನಲ್ಲ, ಆಗ ಅವನ ಪಾದ ನೋಡಬೇಕು. ಸಮಾಳದ ಪೆಟ್ಟು ಬಿದ್ದ ಹಾಗೆ ಹೆಜ್ಜೆ ಬೀಳುತ್ತದೆ. ಖಡ್ಗ ಮೊದಲು ಏಳುವುದಿಲ್ಲ, ಮೊದಲು ಹಿಮ್ಮಡಿ ನೆಲಕ್ಕೆ ಊರುತ್ತದೆ, ಆಮೇಲೆ ಸೊಂಟ ತಿರುಗುತ್ತದೆ, ಕೊನೆಗೆ ತೋಳು. ಏಟಿನ ಬಲ ನೆಲದಿಂದ ಹುಟ್ಟುತ್ತದೆ ಎಂಬುದು ಫಿಯೋರೆಯ ಚಿತ್ರದಲ್ಲೂ ಉಂಟು, ಕೊಟ್ಟೂರಿನ ಬೀದಿಯಲ್ಲೂ ಉಂಟು. ಪುರವಂತಿಕೆ ಕಾಳಗವಲ್ಲ, ಪೂಜೆ. ಅದನ್ನು ಯುದ್ಧದ ತರಬೇತಿ ಎಂದು ನಾನು ಹೇಳುತ್ತಿಲ್ಲ. ಆದರೆ ನಿಜವಾದ ಲೋಹದ ಖಡ್ಗವನ್ನು ಬಿಸಿಲಲ್ಲಿ ಮೆರವಣಿಗೆಯ ಉದ್ದಕ್ಕೂ ಎತ್ತಿ ಹಿಡಿಯುವ ತೋಳು ಹೇಗೆ ನಡುಗುತ್ತದೆ, ಆ ನಡುಕವನ್ನು ಕುಣಿತದಲ್ಲಿ ಹೇಗೆ ಅಡಗಿಸುತ್ತಾರೆ ಎಂದು ನೋಡಬೇಕಾದರೆ ಅವರಿಗಿಂತ ಒಳ್ಳೆಯ ಗುರುಗಳು ಇಲ್ಲ. ಗೇಮ್ ಮಾಡುವವರು ಮೈಗೆಲ್ಲ ಬೊಟ್ಟು ಅಂಟಿಸಿಕೊಂಡ ನಟರನ್ನು ಕುಣಿಸಿ ಚಲನೆಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಆ ಬೊಟ್ಟುಗಳನ್ನು ಒಮ್ಮೆ ನಮ್ಮ ಪುರವಂತರ ಮೈಗೆ ಅಂಟಿಸಲಿ. ಅವರಿಗೆ ತಕ್ಕ ಸಂಭಾವನೆ ಕೊಟ್ಟು, ದೇವರ ಕಾರ್ಯಕ್ಕೆ ಕುಂದು ಬಾರದ ಹಾಗೆ.

ಬಯಲಾಟದ ಕತ್ತಿಯ ಮಾತು ಬೇರೆ. ಅದು ಕಟ್ಟಿಗೆಯದು, ಮೇಲೆ ಬೇಗಡೆ. ರಾತ್ರಿಯಿಡೀ ಕುಣಿಯುವವನಿಗೆ ಕಬ್ಬಿಣದ್ದು ಕೊಟ್ಟರೆ ಬೆಳಗಿನ ಜಾವಕ್ಕೆ ಅವನೇ ಇರುವುದಿಲ್ಲ. ಅಲ್ಲಿ ಕತ್ತಿಯ ಮಹಿಮೆ ಮಾತಿನಲ್ಲಿ, ಹೆಜ್ಜೆಯಲ್ಲಿ. ಆಟದ ಸತ್ಯ ಒಂದು ಬಗೆ, ಕಾಳಗದ ಸತ್ಯ ಇನ್ನೊಂದು ಬಗೆ ಎಂದು ನಮ್ಮ ಹಳ್ಳಿಯ ಪ್ರೇಕ್ಷಕರಿಗೆ ಮೊದಲಿನಿಂದ ಗೊತ್ತಿದೆ. ಡ್ರ್ಯಾಗನ್ನು, ಮಾಯ, ಮಂತ್ರ ಇರುವ ಗೇಮಿನಲ್ಲಿ ಆಳೆತ್ತರದ ಕತ್ತಿಯನ್ನು ಒಬ್ಬ ಹುಡುಗ ಎತ್ತಿದರೆ ನನ್ನ ತಕರಾರೇನೂ ಇಲ್ಲ. ‘ಇದು ಇತಿಹಾಸ’ ಎಂದು ಹೇಳಿಕೊಂಡು ಬಂದರೆ ಮಾತ್ರ ತಕ್ಕಡಿ ತರುತ್ತೇನೆ.

ಹಾಗೆ ತಕ್ಕಡಿ ತರಬೇಕಾದ ಒಂದು ಕಡೆ ಉಂಟು. ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗಕ್ಕೆ 2022ರಲ್ಲಿ ಭಾರತದ ರಾಜವಂಶಗಳ ಒಂದು ಕಂತು ಸೇರಿತು. ಅದರಲ್ಲಿ ನಮ್ಮ ದಕ್ಷಿಣದವರನ್ನೆಲ್ಲ ಸೇರಿಸಿ ‘ದ್ರಾವಿಡರು’ ಎಂದು ಒಂದು ಪಡೆ ಮಾಡಿದ್ದಾರೆ. ಚಾಟಿಯಂತೆ ಬಳುಕುವ ಉರುಮಿ ಕತ್ತಿ ಬೀಸುವ ಸೈನಿಕ ಇದ್ದಾನೆ. ಜೊತೆಗೆ ಉಕ್ಕಿನ ವಿದ್ಯೆ ಎಂದು ಒಂದನ್ನು ಕೊಟ್ಟಿದ್ದಾರೆ: ಅದನ್ನು ಗಳಿಸಿದ ಮೇಲೆ ದ್ರಾವಿಡರ ಕಾಲಾಳು, ಕುದುರೆ ಸವಾರರ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ಉಕ್ಕಿನ ಕೀರ್ತಿಯನ್ನು ದೇಶ ದೇಶದ ಹುಡುಗರು ಕೇಳುವಂತಾಯಿತಲ್ಲ ಎಂದು ಹೆಮ್ಮೆ ಆಗುತ್ತದೆ. ಆದರೆ ಸತ್ಯ ಹಾಗಿಲ್ಲ. ನಮ್ಮ ಮೂಸೆಯ ಉಕ್ಕಿನಲ್ಲಿ ಇಂಗಾಲ ಹೆಚ್ಚು, ಹಾಗಾಗಿ ಬಾಯಿ ಹರಿತವಾಗಿ ಬಹಳ ಕಾಲ ನಿಲ್ಲುತ್ತದೆ, ಮೈಮೇಲೆ ನೀರಿನ ಅಲೆಯ ವಿನ್ಯಾಸ ಮೂಡುತ್ತದೆ. ಕವಚವನ್ನು ಸೀಳುವ ಕತ್ತಿ ಯಾವ ದೇಶದಲ್ಲೂ ಹುಟ್ಟಲಿಲ್ಲ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕು ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಕಟ್ಟಿಗೆ, ಹಸಿ ಎಲೆ, ಮೇಲೆ ಮಣ್ಣು ಮೆತ್ತಿ ಮುಚ್ಚಿ ಕುಲುಮೆಗೆ. ತಂಗಡಿ ಎಂದರೆ ಆವರಿಕೆ, ನಮ್ಮ ಕೂಡ್ಲಿಗಿಯ ಬೀಳುಗಳಲ್ಲೆಲ್ಲ ಹಳದಿ ಹೂ ಬಿಟ್ಟು ನಿಲ್ಲುವ ಗಿಡ. ಆ ಮೂಸೆ ತುಂಬುವ ಕೆಲಸವನ್ನೇ ಆಟಗಾರನಿಗೆ ಕೊಡಲಿ. ಸಂಡೂರು ಗುಡ್ಡದ ಅದಿರು, ಕೂಡ್ಲಿಗಿಯ ತಂಗಡಿ, ಊರ ಕಮ್ಮಾರನ ತಿದಿ. ಕಿಂಗ್‌ಡಮ್ ಕಮ್‌ನ ಎರಡನೆಯ ಭಾಗದಲ್ಲಿ, 2025ರಲ್ಲಿ ಬಂದದ್ದು, ಹೆನ್ರಿ ತಾನೇ ಕುಲುಮೆಯ ಮುಂದೆ ನಿಂತು ಕತ್ತಿ ಬಡಿಯುತ್ತಾನೆ. ಅದನ್ನು ನೋಡುವಾಗೆಲ್ಲ ನನಗೆ ಈ ತಂಗಡಿಯದೇ ಧ್ಯಾನ.

ಕವಚದ ಮಾತು ಬಂತು. ನಮ್ಮ ಬಿಸಿಲಿಗೆ ಉಕ್ಕಿನ ತಗಡು ತೊಟ್ಟು ನಿಂತವನು ವೈರಿಯ ಏಟಿಗೆ ಮುಂಚೆ ಬಿಸಿಲಿನ ಏಟಿಗೆ ಬೀಳುತ್ತಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ದೊಮಿಂಗೊ ಪಾಯೆಸ್ ಸೈನಿಕರ ಮೈಮೇಲೆ ಕಂಡದ್ದು ದಪ್ಪವಾಗಿ ಹೊಲಿದ ಪದರು ಪದರಿನ ಅಂಗಿ. ನಮ್ಮ ಅವ್ವಂದಿರು ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಕೌದಿ ಹೊಲಿಯುವ ಹಾಗೆಯೇ ಅದರ ತತ್ವ. ಇದು ಬಡವರ ಉಪಾಯ ಎಂದು ತಳ್ಳಿಹಾಕಬಾರದು. ಬಿಗಿಯಾಗಿ ಹೊಲಿದ ಹತ್ತಿಯ ಪದರುಗಳು ಕತ್ತಿಯ ಏಟನ್ನು ಎಷ್ಟು ಚೆನ್ನಾಗಿ ತಡೆಯುತ್ತವೆಂದರೆ ಯುರೋಪಿನವರು ಕೂಡ ಉಕ್ಕಿನ ಕೆಳಗೆ ಅಂಥದ್ದೇ ಒಂದು ಅಂಗಿ ತೊಡುತ್ತಿದ್ದರು. ಹೆನ್ರಿಗೂ ಮೊದಲು ಅದನ್ನು ತೊಡಿಸಿ ಆಮೇಲೆ ಕವಚ ತೊಡಿಸಬೇಕು. ಅದೇ ಪಾಯೆಸ್ ಮಹಾನವಮಿಯಲ್ಲಿ ಕಂಡ ಇನ್ನೊಂದು ಸಂಗತಿ: ಬಲಿಯ ಕೋಣಗಳ ತಲೆಯನ್ನು ಒಂದೇ ಏಟಿಗೆ ಇಳಿಸುತ್ತಿದ್ದವನ ಕೈಯಲ್ಲಿದ್ದದ್ದು ಕುಡುಗೋಲಿನಂತೆ ಬಾಗಿದ ದೊಡ್ಡ ಆಯುಧ. ಕಡಿಯಲು ಬಾಗಿದ್ದು, ಚುಚ್ಚಲು ನೇರವಾದದ್ದು, ಎರಡಕ್ಕೂ ಆಗುವುದು ಯಾವುದರಲ್ಲೂ ಪೂರಾ ಅಲ್ಲ. ಈ ಲೆಕ್ಕಾಚಾರ ಗೇಮಿನಲ್ಲಿ ಕಂಡರೆ ನನಗೆ ಹಬ್ಬ.

ಪಾಳೆಯಗಾರರ ಕಾಲವನ್ನೇ ಆಟಕ್ಕೆ ಇಟ್ಟುಕೊಂಡರೆ ನಮ್ಮ ಐದು ತಾಲ್ಲೂಕು ಸಾಲದೇ? ಹರಪನಹಳ್ಳಿ ನಾಯಕರು, ಗುಡೇಕೋಟೆಯವರು, ಜರಿಮಲೆಯವರು, ಪಕ್ಕದಲ್ಲಿ ಚಿತ್ರದುರ್ಗ. ಹರಪನಹಳ್ಳಿ ಆಗ ಸೋಮಶೇಖರ ನಾಯಕನದು. 18ನೇ ಶತಮಾನದ ನಡುವೆ ಮಾಯಕೊಂಡದಲ್ಲಿ ನಡೆದ ಕಾಳಗದಲ್ಲಿ ಬಿದನೂರು, ರಾಯದುರ್ಗದವರ ಜೊತೆ ನಿಂತು ಚಿತ್ರದುರ್ಗವನ್ನು ಎದುರಿಸಿದವನು ಅವನು. ದುರ್ಗದ ಹಿರೇ ಮದಕರಿ ನಾಯಕ ಬಿದ್ದದ್ದು ಆ ಕಣದಲ್ಲೇ. ಅಲ್ಲಿ ಕತ್ತಿಯೊಂದೇ ಇರಲಿಲ್ಲ. ಬಂದೂಕು, ಭರ್ಚಿ, ಬಿಲ್ಲು, ಕುದುರೆ, ಆನೆ ಎಲ್ಲ ಇದ್ದವು. ಇದು ಯುರೋಪಿಗೂ ಸಲ್ಲುವ ಮಾತು. ಸೈನ್ಯದ ಮುಖ್ಯ ಆಯುಧ ಹೆಚ್ಚಾಗಿ ಭರ್ಚಿ; ಕತ್ತಿ ಸೊಂಟದಲ್ಲಿರುವ ಕೊನೆಯ ಆಸರೆ. ಭರ್ಚಿ ಮುರಿದ ಮೇಲೆ ಅದರ ಸರದಿ. ಗೇಮುಗಳಲ್ಲಿ ಭರ್ಚಿಯವನು ಯಾವಾಗಲೂ ಬಡಪಾಯಿ, ಕತ್ತಿಯವನು ನಾಯಕ. ಇದನ್ನು ಬದಲಿಸುವ ಧೈರ್ಯ ಯಾರಾದರೂ ಮಾಡಬೇಕು.

ಗುಡೇಕೋಟೆಗೆ ಹೋದರೆ ಜನ ಒನಕೆ ಓಬವ್ವನ ತವರು ಇದೇ ಎಂದು ಹೇಳಿ ಕೋಟೆ ತೋರಿಸುತ್ತಾರೆ. ಅವಳ ಕಥೆಯನ್ನು ಕತ್ತಿಯ ತಕ್ಕಡಿಯಲ್ಲಿ ಇಟ್ಟು ನೋಡಿ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬರುವ ವೈರಿಗೆ ಕತ್ತಿ ಬೀಸಲು ಜಾಗವಿಲ್ಲ, ಒರೆಯಿಂದ ಎಳೆಯಲೂ ಜಾಗವಿಲ್ಲ. ಮೇಲೆ ನಿಂತವಳ ಕೈಯಲ್ಲಿ ಎರಡೂ ಕೈಯಿಂದ ಹಿಡಿಯುವ, ದಿನವೂ ಎತ್ತಿ ಕುಟ್ಟಿ ತೋಳಿಗೆ ಪಳಗಿದ ಒನಕೆ. ತಲೆಗೆ ಬೀಳುವ ಮೊಂಡ ಏಟಿಗೆ ಶಿರಸ್ತ್ರಾಣವೂ ಸಾಲದು. ತಾಲ್‌ಹೋಫರನ ಜರ್ಮನರು ಕತ್ತಿಯನ್ನು ತಿರುವಿ ಹಿಡಿದು ಪಡೆದ ಬಲ ಅವಳ ಕೈಯಲ್ಲಿ ಸಹಜವಾಗಿತ್ತು. ಯುರೋಪಿನ ಕತ್ತಿವರಸೆಯ ಉಳಿದಿರುವ ಪುಸ್ತಕಗಳಲ್ಲಿ ಬಹು ಹಳೆಯದು ಸುಮಾರು 1300ರದು, ಇಂಗ್ಲೆಂಡಿನ ಲೀಡ್ಸ್‌ನಲ್ಲಿದೆ. ಅದರ ಕೊನೆಯ ಪುಟಗಳಲ್ಲಿ ವಾಲ್ಪುರ್ಗಿಸ್ ಎಂಬ ಹೆಣ್ಣುಮಗಳು ಕತ್ತಿ, ಪುಟ್ಟ ಗುರಾಣಿ ಹಿಡಿದು ಪಾದ್ರಿಯೊಬ್ಬನಿಗೆ ಎದುರು ನಿಂತಿದ್ದಾಳೆ. ಅವಳನ್ನು ನೋಡಿದಾಗ ಗುಡೇಕೋಟೆಯ ಮಗಳು ನೆನಪಾಗದೆ ಇರಲಿಲ್ಲ.

ಇಷ್ಟು ಕತ್ತಿ ಕತ್ತಿ ಎನ್ನುವ ನನಗೆ ರಕ್ತದ ಆಸೆ ಎಂದು ಯಾರೂ ತಿಳಿಯಬಾರದು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಹುತಾತ್ಮ ಸ್ಮಾರಕ ಇದೆ. ಅದರ ಮುಂದೆ ಹಾದು ಶಾಲೆಗೆ ಹೋದವನು ನಾನು. ನಿಜದ ಹಾಗೆ ತೋರಿಸಿ ಎಂದು ಹಟ ಹಿಡಿಯುವುದು ಕೂಡ ಅದಕ್ಕಾಗಿಯೇ. ಒಂದು ಗುಂಡಿ ಒತ್ತಿದರೆ ಹತ್ತು ಜನ ಬೀಳುವ ಆಟದಲ್ಲಿ ಒಬ್ಬನಿಗೂ ಊರಿಲ್ಲ, ಮನೆಯಿಲ್ಲ. ವೀರಗಲ್ಲು ಹಾಗಲ್ಲ. ಬರಹ ಇದ್ದರೆ ಸತ್ತವನ ಹೆಸರಿದೆ, ಯಾರ ಮಗ ಎಂದಿದೆ, ಯಾಕೆ ಸತ್ತ ಎಂದಿದೆ. ಎಷ್ಟೋ ಕಲ್ಲುಗಳಲ್ಲಿ ಕಾರಣ ಒಂದೇ: ತುರುಗೊಳ್. ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತದ್ದು. ಕೆಲವು ಕಡೆ ಪಕ್ಕದಲ್ಲೇ ಗಂಡನ ಜೊತೆ ಚಿತೆಯೇರಿದವಳ ಮಾಸ್ತಿಕಲ್ಲು ಇರುತ್ತದೆ, ಬಳೆ ತೊಟ್ಟ ಒಂದು ತೋಳು ಮೇಲೆದ್ದು ನಿಂತಿರುತ್ತದೆ. ಕತ್ತಿಯ ಬೆಲೆಯನ್ನು ಆ ತೋಳು ಸೇರಿಸಿಯೇ ಎಣಿಸಬೇಕು. ಕೊಂದ ಮೇಲೆ ಅಂಕ ಕೊಡುವ ಬದಲು ಸತ್ತವನ ಊರಿಗೆ ಹೋಗಿ ಸುದ್ದಿ ಮುಟ್ಟಿಸುವ ಕೆಲಸ ಕೊಡಲಿ ಎಂದು ಹುಡುಗನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅದು ಛಲೋ ಆಗ್ತೈತಿ ಮಾಮ, ಆಮ್ಯಾಲೆ ಕತ್ತಿ ಎತ್ತಕ್ಕೂ ವಿಚಾರ ಮಾಡ್ತಾರ” ಅಂದ.

ಇಬ್ಬರೂ ಕೂತು ಒಂದು ಆಟ ಕಟ್ಟಲು ಶುರು ಮಾಡಿದೆವು, ಮಾತಿನ ಮೇಲೆ. ನಾಯಕ ಹರಪನಹಳ್ಳಿ ಗರಡಿಮನೆಗೆ ಬಂದ ಕುರಿಗಾಹಿ ಹುಡುಗ. ಉಸ್ತಾದ ಮೊದಲಿಗೆ ಕತ್ತಿ ಕೊಡುವುದಿಲ್ಲ. ಕೆಮ್ಮಣ್ಣು ಅಗೆಯಬೇಕು, ಎಣ್ಣೆ ಬೆರೆಸಬೇಕು, ಬಸ್ಕಿ ಹೊಡೆಯಬೇಕು, ಲೋಡು ತಿರುಗಿಸಬೇಕು. ಆಮೇಲೆ ಕೋಲು. ಕೋಲಿನ ನಂತರ ಗುರಾಣಿ ಮಾತ್ರ, ಏಟು ತಿನ್ನುವುದನ್ನು ಕಲಿಯಲು. ಬೇಸಿಗೆಯಲ್ಲಿ ದಮ್ಮು ಬೇಗ ಹೋಗಬೇಕು, ನೀರಿನ ಬುರುಡೆ ಖಾಲಿಯಾದರೆ ಕಣ್ಣು ಮಂಜಾಗಬೇಕು. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಹೋಗಬೇಕು, ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ ಕೇಳಬೇಕು, ಅದರ ಅರ್ಥವನ್ನು ಆಟಗಾರನೇ ಬಿಡಿಸಿಕೊಂಡು ಮುಂದಿನ ದಾರಿ ಹಿಡಿಯಬೇಕು. ಉಜ್ಜಿನಿಯ ಗುಡಿಯ ಒಳಗೆ ನಿಂತು ಕೆತ್ತನೆ ನೋಡಿದವನಿಗೆ ಮಾತ್ರ ಕಾಣುವ ಒಂದು ಗುಟ್ಟೂ ಇರಲಿ. ಹಂಪೆಯ ಹೊರಗೆ ನೋಡು, ಉಜ್ಜಿನಿಯ ಒಳಗೆ ನೋಡು ಎಂದು ನಮ್ಮ ಕಡೆ ಗಾದೆಯೇ ಇದೆಯಲ್ಲ. ಖಂಡ ಕೈಗೆ ಬರುವುದು ಆಟದ ಅರ್ಧ ದಾರಿಗೆ. ಅದರ ಹಿಂಬದಿಯ ಕಂಬಿಯನ್ನು ಎಡಗೈಯಲ್ಲಿ ಹಿಡಿಯಲು ಬರುವುದು ಇನ್ನೂ ಮುಂದೆ.

“ಅರ್ಧ ಆಟ ಮುಗಿಯೋ ತನಕ ಕತ್ತೀನ ಕೊಡ್ಲಿಲ್ಲಂದ್ರ ಯಾರ್ ಆಡ್ತಾರ ಮಾಮ?” ಎಂದು ಅವನ ಪ್ರಶ್ನೆ. ಜೆಕ್ ಹುಡುಗರಿಗೂ ಗೇಮು ಹೊರತರುವ ಪ್ರಕಾಶಕರು ಸಿಕ್ಕಿರಲಿಲ್ಲ. 2014ರಲ್ಲಿ ಅವರು ಜನರ ಮುಂದೆಯೇ ಜೋಳಿಗೆ ಹಿಡಿದರು. ಸುಮಾರು 35 ಸಾವಿರ ಜನ ಸೇರಿ 11 ಲಕ್ಷ ಪೌಂಡು ಹಾಕಿದರು. ಓದು ಬರದ, ಕತ್ತಿ ಬರದ, ಮೊದಲ ಹೊಡೆದಾಟದಲ್ಲೇ ಪೆಟ್ಟು ತಿನ್ನುವ ನಾಯಕನ ಆ ಗೇಮು ಎರಡು ವಾರದೊಳಗೆ 10 ಲಕ್ಷ ಪ್ರತಿ ಮಾರಾಟವಾಯಿತು. ಎರಡನೆಯ ಭಾಗ ಒಂದೇ ದಿನದಲ್ಲಿ ಅಷ್ಟು ಹೋಯಿತು. ಪುಣೆಯ ಹುಡುಗರು ‘ರಾಜಿ’ ಎಂಬ ಗೇಮನ್ನು 2020ರಲ್ಲಿ ತಂದು, ತ್ರಿಶೂಲ ಹಿಡಿದ ಹುಡುಗಿಯನ್ನು ಜಗತ್ತಿಗೆ ತೋರಿಸಿದರು. ಆಡುವವರು ಇದ್ದಾರೆ. ಮಾಡುವವರಿಗೆ ಸಾಮಗ್ರಿ ಬೇಕು, ಸಾಮಗ್ರಿ ನಮ್ಮ ಹೊಲದ ಬದುವಿನಲ್ಲಿ ಬಿದ್ದಿದೆ.

ಈಗಿನ ಫೋನಿನಲ್ಲಿ ಒಂದು ಕಲ್ಲಿನ ಸುತ್ತ ನಡೆಯುತ್ತ ಎಲ್ಲ ಕೋನದಿಂದ ಚಿತ್ರ ತೆಗೆದರೆ ಕಂಪ್ಯೂಟರು ಅವನ್ನು ಜೋಡಿಸಿ ಆ ಕಲ್ಲನ್ನು ಮೂರು ಆಯಾಮದಲ್ಲಿ ಕಟ್ಟಿಕೊಡುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆದರೆ ಹಿಡಿಯ ಅಳತೆ, ಗುರಾಣಿಯ ಉಬ್ಬು, ಅಲಗಿನ ಅಗಲ ಎಲ್ಲ ಅದರಲ್ಲೇ ಸಿಗುತ್ತದೆ. ಬರುವ ರಜೆಯಲ್ಲಿ ಗುಡೇಕೋಟೆ ಕಡೆಯಿಂದ ಶುರು ಮಾಡೋಣ ಎಂದಿದ್ದೇವೆ. ಬೇರೆ ಹುಡುಗರೂ ಅವರವರ ಊರಲ್ಲಿ ಮಾಡಿದರೆ ಕೆಲಸ ಬೇಗ ಸಾಗುತ್ತದೆ. ಕಲ್ಲಿನ ಮೇಲಿನ ಎಣ್ಣೆ, ಸುಣ್ಣವನ್ನು ಉಜ್ಜಿ ತೆಗೆಯಲು ಹೋಗಬೇಡಿ, ಪೂಜೆ ಮಾಡುವ ಮನೆಯವರನ್ನು ಕೇಳದೆ ಮುಟ್ಟಬೇಡಿ. ನಡುಮಧ್ಯಾಹ್ನದ ಬಿಸಿಲಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋದರೆ ಓರೆ ಬೆಳಕಿನಲ್ಲಿ ಮುಷ್ಟಿಯ ಬೆರಳುಗಳು ಕೂಡ ಎಣಿಸಲು ಸಿಗುತ್ತವೆ.